ಹೆಗಲಿಗೆ ಹೊಂದದ ಬಂದೂಕು

ಕಡೂರಿನ ಬಂದೂಕು ಅಂಗಡಿಯ ದುರಸ್ತಿ ಕೆಲಸ ಬಿಟ್ಟು ಮನೆ ಸೇರಿದ ಮೇಲೆ ನನಗೆ ಎರಡು ಕೆಲಸ ಉಳಿದಿವೆ. ಒಂದು, ಬೆಳಿಗ್ಗೆ ಮಾರ್ಕೆಟ್ಟಿಗೆ ಹೋಗಿ ಹೆಂಡತಿ ಹೇಳಿದ ತರಕಾರಿ ಬಿಟ್ಟು ಬೇರೆ ತರಕಾರಿ ತರುವುದು. ಇನ್ನೊಂದು, ನನ್ನ ಜಾಗಕ್ಕೆ ಬಂದಿರುವವರ ಫೋನಿಗೆ ಉತ್ತರ ಕೊಡುವುದು. ಅವರು ಕೇಳುವುದೆಲ್ಲ ಸ್ಪ್ರಿಂಗು, ಪಿನ್ನು, ಟ್ರಿಗರಿನ ವಿಚಾರ. ಅದೆಲ್ಲ ನಾಲ್ಕು ಬಂದೂಕು ಬಿಚ್ಚಿ ಕೂಡಿಸಿದರೆ ಕೈಗೆ ತಾನಾಗಿ ಬರುತ್ತದೆ. ಕೇಳಬೇಕಾದ್ದನ್ನು ಯಾರೂ ಕೇಳುವುದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ಬಂದೂಕು ಕೈಗೆ ಬಂದ ಕೂಡಲೇ ಅದು ಖಾಲಿ ಇದೆಯೇ ಎಂದು ನೋಡಬೇಕು. ಅದನ್ನು ಮರೆಯುವವರು ಈ ಕೆಲಸಕ್ಕೇ ಬರಬಾರದು. ಆಮೇಲೆ ನಂಬರು ನೋಡಬೇಕು. ಅದಾದ ಮೇಲೆ ತಂದವರ ಕತೆ ಕೇಳಬೇಕು. ನಮ್ಮ ಅಂಗಡಿಯಲ್ಲಿ ಒಂದು ದಿನ ಈ ಕ್ರಮ ಹಿಂದುಮುಂದಾಯಿತು. ಕತೆ ಮೊದಲು ಬಂತು, ನಂಬರು ನೋಡುವುದು ಉಳಿದೇ ಹೋಯಿತು. ಅದರಿಂದ ಎಮ್ಮೆದೊಡ್ಡಿಯ ಒಬ್ಬ ಮರ್ಯಾದಸ್ಥ ಮನುಷ್ಯ ಸತ್ತ ಮೇಲೆ ಕಳ್ಳನೆನ್ನಿಸಿಕೊಂಡ. ಅದನ್ನು ಹೇಳುವ ಮುಂಚೆ ನಮ್ಮ ಸೀಮೆಯ ಬಂದೂಕಿನವರು ಎಂಥವರು ಎಂದು ತಿಳಿಸಬೇಕು.

ನಮ್ಮದು ತೆಂಗಿನ ಸೀಮೆ. ತಲೆಗೆ, ಮಂಡಿನೋವಿಗೆ, ಕಿರುಗುಟ್ಟುವ ಬಾಗಿಲಿಗೆ, ಎಲ್ಲಕ್ಕೂ ಕೊಬ್ಬರಿ ಎಣ್ಣೆ. ಬಂದೂಕಿಗೂ ಅದೇ. ನಾನು ಸೇರಿದ ಮೊದಲ ವರ್ಷದಿಂದ ಬಿಡುವ ದಿನದವರೆಗೂ ಹೇಳಿದ್ದೇನೆ, ಬಂದೂಕಿಗೆ ಅದರದ್ದೇ ಎಣ್ಣೆ ಇದೆ, ಅಂಗಡಿಯಲ್ಲೇ ಸಿಗುತ್ತದೆ, ಕೊಬ್ಬರಿ ಎಣ್ಣೆ ಹಾಕಬೇಡಿ ಎಂದು. "ಆಯ್ತು ಸಾಬ್ರೇ" ಅನ್ನುತ್ತಾರೆ. ಮನೆಗೆ ಹೋಗಿ ಧಾರಾಳವಾಗಿ ಕೊಬ್ಬರಿ ಎಣ್ಣೆಯನ್ನೇ ಸುರಿಯುತ್ತಾರೆ. ಚಳಿ ಬಿದ್ದಾಗ ಅದು ಒಳಗೆ ಗಟ್ಟಿಯಾಗಿ, ಧೂಳು ಸೇರಿ ಅಂಟಾಗಿ ಕೂರುತ್ತದೆ. ಆಮೇಲೆ ಒಬ್ಬೊಬ್ಬರೇ ಬರುತ್ತಾರೆ, "ಸಾಬ್ರೇ, ಕುದುರೆ ಬೀಳ್ತಿಲ್ಲ ಕಣ್ರೀ." ಕುದುರೆ ಎಂದರೆ ಟ್ರಿಗರ್ ಎಳೆದಾಗ ಬಡಿಯುವ ಭಾಗ. ಬಿಚ್ಚಿದರೆ ಅಂಗಡಿಯ ತುಂಬ ಹೋಳಿಗೆ ಮಾಡಿದ ಮನೆಯ ವಾಸನೆ.

ಅದರ ಮೇಲೆ ಆಯುಧಪೂಜೆ. ಗಂಧ, ಅರಿಶಿನ, ಕುಂಕುಮ, ಶಿವಭಕ್ತರ ಮನೆಯಾದರೆ ಮೂರು ಬೆರಳಿನ ವಿಭೂತಿ. ಪೂಜೆ ಮಾಡಲಿ, ನಾನೂ ಪೂಜೆಗೊಂಡ ಬಂದೂಕುಗಳ ಪ್ರಸಾದ ತಿಂದವನೇ. ಆದರೆ ಕುಂಕುಮ ಇಡುವುದು ಎಲ್ಲಿ? ಸರಿಯಾಗಿ ನಂಬರು ಕೆತ್ತಿದ ಜಾಗದ ಮೇಲೆ! ಅಲ್ಲಿ ಲೋಹ ಚಪ್ಪಟೆಯಾಗಿರುತ್ತದೆ, ಬೊಟ್ಟು ಚೆನ್ನಾಗಿ ನಿಲ್ಲುತ್ತದೆ. ವರ್ಷ ವರ್ಷವೂ ಎಣ್ಣೆಯ ಮೇಲೆ ಕುಂಕುಮ, ಕುಂಕುಮದ ಮೇಲೆ ಎಣ್ಣೆ. ಲೈಸೆನ್ಸ್ ನವೀಕರಣಕ್ಕೆ ತಂದಾಗ ನಂಬರು ಇರಬೇಕಾದ ಕಡೆ ಕೆಂಪು ಹೆಕ್ಕಳೆ ಕೂತಿರುತ್ತದೆ. ದೇವರ ಕುಂಕುಮ ಕೆರೆಯಲು ನೋಡುವವರಿಗೂ ಮನಸ್ಸು ಬರುವುದಿಲ್ಲ. ಬಂದೂಕು ಇದೆ, ಮನುಷ್ಯ ಇದ್ದಾನೆ, ಸರಿ ಎಂದು ಕಳಿಸಿಬಿಡುತ್ತಾರೆ.

ಇಂಥವರ ನಡುವೆ ಒಬ್ಬರು ಶಿವನಿಯ ಮರುಳಸಿದ್ದಪ್ಪನವರು. ಒಳ್ಳೆಯ ಕುಳ, ಸ್ವಂತ ದುಡಿಮೆಯ ರೈತರು, ಉದ್ದನೆಯ ಆಳು. ಅವರ ಅಪ್ಪ ಬಿಟ್ಟುಹೋದ ಒಂಟಿ ನಳಿಗೆಯ ಟ್ವೆಲ್ ಬೋರ್ ಬಂದೂಕು ಅವರ ಹೆಸರಿಗೆ ಬಂದಿತ್ತು. ಜೋಳದ ಹೊಲಕ್ಕೆ ಹಂದಿ ನುಗ್ಗಿದಾಗ ಆಕಾಶಕ್ಕೆ ಒಂದು ಸದ್ದು ಮಾಡುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿರಲಿಲ್ಲ. ಅದರ ಬಗ್ಗೆ ಅವರಿಗೆ ಗೌರವವೂ ಇರಲಿಲ್ಲ. ಅವರ ಮನಸ್ಸೆಲ್ಲ ರೈಫಲ್ಲಿನ ಮೇಲೆ. ರೈಫಲ್ಲನ್ನು ಕರೆಯುವುದು ಅದರ ಗುಂಡಿನ ಅಳತೆಯ ಹೆಸರಿನಿಂದ. ಕೊಬ್ಬರಿ ಮಾರಲು ಕಡೂರಿಗೆ ಬಂದ ದಿನವೆಲ್ಲ ನಮ್ಮ ಅಂಗಡಿಯ ಬೆಂಚಿನ ಮೇಲೆ ಹಾಜರು.

"ಸಾಬ್ರೇ, ಟೂ ಸೆವೆಂಟಿ ಫೈವ್ ಹೆಂಗಿರುತ್ತೆ?"

"ಚೆನ್ನಾಗಿರುತ್ತೆ. ಗುಂಡು ಸಣ್ಣಕ್ಕೆ ಉದ್ದಕ್ಕೆ. ಹೆಗಲಿಗೆ ಜಾಸ್ತಿ ಒದೆಯಲ್ಲ."

"ಮತ್ತೆ ತ್ರೀ ಎಯ್ಟೀನು?"

"ಅದರ ತೋಟೆ ಎಲ್ಲಿಂದ ತರ್ತೀರಿ?"

"ತರೋದು ಇರ್ಲಿ ಸಾಬ್ರೇ, ಹೆಂಗಿರುತ್ತೆ ಅಂತ ಕೇಳ್ದೆ."

ತೋಟೆ ಎಂದರೆ ಕಾರ್ಟ್ರಿಜ್. ಅದು ಸಿಗದ ರೈಫಲ್ಲು ಸೌದೆಯಿಲ್ಲದ ಊರಿನಲ್ಲಿ ಒಲೆ ಇದ್ದಂತೆ. ಆದರೆ ರೈಫಲ್ಲಿನ ಹುಚ್ಚಿನವರಿಗೆ ಈ ಮಾತು ನಾಟುವುದಿಲ್ಲ, ನಾಟಲೂ ಬಾರದೇನೋ. ನನಗೂ ಆ ಹುಚ್ಚು ಸ್ವಲ್ಪ ಇತ್ತು. ತ್ರೀ ಫಿಫ್ಟೀನ್ ನಮ್ಮ ದೇಶದ ಕಾರ್ಖಾನೆಯದು, ತೋಟೆ ಸಿಗುತ್ತದೆ, ಗಟ್ಟಿ, ಸ್ವಲ್ಪ ಒರಟು. ಥರ್ಟಿ ನಾಟ್ ಸಿಕ್ಸ್ ದೂರಕ್ಕೆ ನೇರವಾಗಿ ಹೋಗುತ್ತದೆ, ಆದರೆ ಹೊಡೆದವನ ಹೆಗಲಿಗೂ ತಿಳಿಸಿಯೇ ಹೋಗುತ್ತದೆ. ಪಾಯಿಂಟ್ ಟೂ ಟೂ ಸಣ್ಣದು, ಗುರಿ ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಮೇಷ್ಟ್ರಿಲ್ಲ. ಇನ್ನು ಮೂಡಿಗೆರೆ, ಕೊಪ್ಪದ ಕಡೆಯ ಎಸ್ಟೇಟುಗಳಿಂದ ಹಳೆಯ ಪರದೇಶದ ರೈಫಲ್ಲುಗಳು ದುರಸ್ತಿಗೆ ಬರುತ್ತಿದ್ದವು. ಒಂದೊಂದರ ಅಳತೆಯೂ ಒಂದೊಂದು. ತೋಟೆ ತುಂಬಲು ಬೋಲ್ಟು ಹಿಂದಕ್ಕೆಳೆದರೆ ಬೆಣ್ಣೆಯಲ್ಲಿ ಚಾಕು ಹೋದಂತೆ ಬರುತ್ತಿತ್ತು. ಅಂಥದ್ದು ಬಂದ ದಿನ ನಾನು ಬೇಕೆಂದೇ ಕೆಲಸ ನಿಧಾನ ಮಾಡುತ್ತಿದ್ದೆ, ಮರುಳಸಿದ್ದಪ್ಪನವರು ಬಂದರೆ ನೋಡಲಿ ಎಂದು.

ಬೇಟೆ ನಿಂತು ಎಷ್ಟೋ ಕಾಲವಾಯಿತು, ಹಂದಿ ಓಡಿಸಲು ಸದ್ದು ಸಾಕು, ಹಾಗಿದ್ದ ಮೇಲೆ ರೈಫಲ್ ಯಾಕೆ ಎಂದು ಹೊಸಬರು ಕೇಳಬಹುದು. ಕೇಳಬೇಡಿ. ಗುರಿ ಅಭ್ಯಾಸಕ್ಕೆ ಎಂದು ಅರ್ಜಿಯಲ್ಲಿ ಬರೆಯುತ್ತಾರೆ, ಅದು ನಿಜವೂ ಹೌದು. ಅದರಾಚೆಗೆ ಒಂದು ಆಸೆ ಇರುತ್ತದೆ. ಒಬ್ಬರಿಗೆ ಒಳ್ಳೆಯ ಎತ್ತಿನ ಮೇಲೆ, ಒಬ್ಬರಿಗೆ ಹಳೆಯ ರೇಡಿಯೋ ಮೇಲೆ ಇರುವ ಹಾಗೆ.

ಆಸೆ ಹಾಗಿರಲಿ, ಬಂದೂಕು ಬಿಡುವುದು ಇನ್ನೂ ಕಷ್ಟ. ಮೊದಲು ಒಂದು ಲೈಸೆನ್ಸಿನಲ್ಲಿ ಮೂರು ಇಟ್ಟುಕೊಳ್ಳಬಹುದಿತ್ತು. ಕಾನೂನು ಬದಲಾಗಿ ಎರಡೇ ಎಂದಾಯಿತು. ಆಗ ತರೀಕೆರೆಯ ನಿವೃತ್ತ ಹೆಡ್‌ಮಾಸ್ಟರೊಬ್ಬರು ಮೂರನ್ನೂ ಹೊತ್ತು ತಂದರು. "ನೀವೇ ಆರಿಸಿ ಸಾಬ್ರೇ, ನನ್ನ ಕೈಲಾಗಲ್ಲ" ಎಂದು ಗೋಡೆ ಕಡೆ ಮುಖ ಮಾಡಿ ಕೂತರು. ನಾನು ಮೂರನ್ನೂ ನೋಡಿ ನಳಿಗೆ ಸವೆದು ಕೆಟ್ಟಿದ್ದನ್ನು ಪಕ್ಕಕ್ಕಿಟ್ಟೆ. ಅವರು ತಿರುಗಿ ನೋಡಿ ಅದನ್ನೇ ಎತ್ತಿ ಮಡಿಲಲ್ಲಿಟ್ಟುಕೊಂಡು, ಇದ್ದುದರಲ್ಲೇ ಅತಿ ಒಳ್ಳೆಯದನ್ನು ನನ್ನ ಕಡೆ ತಳ್ಳಿದರು. "ಒಳ್ಳೇದಕ್ಕೆ ಎಲ್ಲಾದ್ರೂ ಮನೆ ಸಿಗುತ್ತೆ. ಇದನ್ನ ಯಾರ್ರೀ ಇಟ್ಕೋತಾರೆ?" ಅಂದರು. ಅವರ ಶಾಲೆಯ ಮಕ್ಕಳು ಪುಣ್ಯವಂತರು ಎಂದುಕೊಂಡೆ.

ಈಗ ಆ ದಿನಕ್ಕೆ ಬರುತ್ತೇನೆ. ಚುನಾವಣೆ ಬಂತೆಂದರೆ ಎಲ್ಲರೂ ಬಂದೂಕನ್ನು ಠಾಣೆಯಲ್ಲೋ ನಮ್ಮಂಥ ಲೈಸೆನ್ಸಿನ ಅಂಗಡಿಯಲ್ಲೋ ಒಪ್ಪಿಸಬೇಕು. ನಮ್ಮಲ್ಲಿ ಗೋಡೆಯುದ್ದಕ್ಕೂ ಕಟ್ಟಿಗೆ ಜೋಡಿಸಿದ ಹಾಗೆ ನಿಲ್ಲಿಸುತ್ತಿದ್ದೆವು. ಪ್ರತಿಯೊಂದಕ್ಕೂ ಹೆಸರು, ನಂಬರು ಬರೆದ ಕಾಗದದ ಚೀಟಿ ಅಂಟಿಸುತ್ತಿದ್ದೆವು. ಆದರೆ ಬಂದೂಕು ತಿಂಗಳುಗಟ್ಟಲೆ ಬೇರೆಯವರ ಮನೆಯಲ್ಲಿರುತ್ತದಲ್ಲ, ತುಕ್ಕು ಹಿಡಿಯಬಾರದೆಂದು ಒಬ್ಬೊಬ್ಬರೂ ಅಭ್ಯಂಜನ ಮಾಡಿಸಿ ತಂದಿರುತ್ತಿದ್ದರು. ಎಣ್ಣೆಯ ಮೇಲೆ ಗೋಂದು ನಿಲ್ಲುತ್ತದೆಯೇ? ಆ ವರ್ಷ ಬಿಸಿಲು ಏರಿದಾಗ ಚೀಟಿಗಳು ಒಂದೊಂದಾಗಿ ಜಾರಿ ನೆಲಕ್ಕೆ ಬಿದ್ದವು.

ವಾಪಸು ಕೊಡುವ ದಿನ ಅಂಗಡಿ ಜಾತ್ರೆ. ಮಾಲೀಕರಾದ ಚನ್ನವೀರಪ್ಪನವರು ಗಲ್ಲಾಪೆಟ್ಟಿಗೆಯ ಹಿಂದೆ, ನಾನು ಬಂದೂಕಿನ ಸಾಲಿನ ಮುಂದೆ. ನಂಬರು ಕಾಣಲು ಒಂದೊಂದನ್ನೂ ಒರೆಸಿ ಕೊಡುತ್ತಿದ್ದೆ. ಮರುಳಸಿದ್ದಪ್ಪನವರಿಗೆ ಶಿವನಿಯ ರೈಲು ಹಿಡಿಯುವ ಅವಸರ. ಯಾವುದೋ ರೈಫಲ್ಲಿನ ಕತೆ ಹೇಳುತ್ತಲೇ ಸಾಲಿಗೆ ಕೈ ಹಾಕಿ ಒಂದನ್ನು ಎತ್ತಿಕೊಂಡರು.

"ತಡೀರಿ, ನಂಬರು ನೋಡ್ತೀನಿ" ಅಂದೆ.

"ನಮ್ಮಪ್ಪನ ಬಂದೂಕು ನನಗೆ ಗೊತ್ತಾಗಲ್ವೇನ್ರೀ?"

ಚನ್ನವೀರಪ್ಪನವರು ಕೂತಲ್ಲಿಂದಲೇ, "ಬಿಡ್ರೀ ಸಾಬ್ರೇ, ಅವರದ್ದು ಅವರಿಗೆ ಗೊತ್ತಿರುತ್ತೆ. ರೈಲು ಹೋಗ್ಬಿಡುತ್ತೆ ಪಾಪ" ಅಂದರು. ಮರುಳಸಿದ್ದಪ್ಪನವರು ಹೋದರು. ಸ್ವಲ್ಪ ಹೊತ್ತಿಗೆ ಎಮ್ಮೆದೊಡ್ಡಿಯ ಓಂಕಾರಪ್ಪ ಬಂದರು. ದನ ಮೇಯುವ ಕಾವಲಿನ ಪಕ್ಕದಲ್ಲಿ ಹೊಲವಿದ್ದ, ಮಾತು ಕಡಿಮೆಯ ಮನುಷ್ಯ. ಸಾಲಿನಲ್ಲಿ ಅದೇ ಕಾರ್ಖಾನೆಯ, ಅದೇ ಬಣ್ಣದ ಒಂಟಿ ನಳಿಗೆ ಒಂದೇ ಉಳಿದಿತ್ತು. ಅಷ್ಟರಲ್ಲಿ ಎಲ್ಲರೂ ಎಲ್ಲದಕ್ಕೂ ಕೈ ಹಾಕಿ ನೂಕುನುಗ್ಗಲಾಗಿತ್ತು. ಮಾಲೀಕರೇ ಎದ್ದುಬಂದು ಅದನ್ನು ಅವರ ಕೈಗಿಟ್ಟು ಕಳಿಸಿದರು.

ಅದಾದ ಮೇಲೆ ಮರುಳಸಿದ್ದಪ್ಪನವರು ಒಮ್ಮೆ ಬೆಂಚಿನ ಮೇಲೆ ಕೂತು, "ಅಪ್ಪನ ಬಂದೂಕು ಈಗೀಗ ಹೆಗಲಿಗೆ ಚೆನ್ನಾಗಿ ಕೂತ್ಕೊಳ್ಳುತ್ತೆ ಕಣ್ರೀ" ಅಂದಿದ್ದು ನೆನಪಿದೆ. ಅಭ್ಯಾಸ ಆಗಿದೆ ಎಂದುಕೊಂಡೆ.

ಕೆಲವು ವರ್ಷ ಕಳೆದು ಓಂಕಾರಪ್ಪ ತೀರಿಕೊಂಡರು. ಹೆಂಡತಿ ಜಯಮ್ಮ ಕಾನೂನಿನ ಪ್ರಕಾರ ಬಂದೂಕನ್ನೂ ಲೈಸೆನ್ಸನ್ನೂ ತೆಗೆದುಕೊಂಡು ಹೋಗಿ ಠಾಣೆಗೆ ಒಪ್ಪಿಸಿದರು. ಅಲ್ಲಿ ಶಿಸ್ತಿನ ಒಬ್ಬರು ಕುಂಕುಮ ಒರೆಸಿ ನೋಡಿದರು. ಬಂದೂಕಿನ ನಂಬರೇ ಬೇರೆ, ಲೈಸೆನ್ಸಿನಲ್ಲಿ ಬರೆದ ನಂಬರೇ ಬೇರೆ. ಲೈಸೆನ್ಸಿನ ಬಂದೂಕು ಎಲ್ಲಿ? ಇದು ಯಾರದು? ಹಳೆಯ ಲೈಸೆನ್ಸುಗಳು ಇನ್ನೂ ಕಂಪ್ಯೂಟರಿಗೆ ಏರಿರಲಿಲ್ಲ, ಹಾಗಾಗಿ ಒಡೆಯ ಯಾರೆಂದು ಥಟ್ಟನೆ ಹೇಳುವಂತಿರಲಿಲ್ಲ. ನಿಮ್ಮ ಯಜಮಾನರು ತಮ್ಮದನ್ನು ಗುಟ್ಟಾಗಿ ಮಾರಿ, ಯಾರದ್ದನ್ನೋ ತಂದಿಟ್ಟುಕೊಂಡಿದ್ದರೇ ಎಂಬ ಪ್ರಶ್ನೆ ಎದ್ದಿತು. ಕೇಳುವುದು ಅವರ ಕರ್ತವ್ಯ. ಆದರೆ ಊರಿನಲ್ಲಿ ಪ್ರಶ್ನೆ ಪ್ರಶ್ನೆಯಾಗಿ ಉಳಿಯುವುದಿಲ್ಲವಲ್ಲ.

ಜಯಮ್ಮ ನಮ್ಮ ಅಂಗಡಿಗೆ ಬಂದರು. ಬೆಂಚಿನ ಮೇಲೆ ಕೂರಲಿಲ್ಲ.

"ಸಾಬ್ರೇ, ನಮ್ಮ ಯಜಮಾನ್ರು ನಿಮ್ಮತ್ರ ಏನಾದ್ರೂ ಬಂದೂಕು ಮಾರಿದ್ರಾ? ನಿಜ ಹೇಳ್ರಿ, ನಾನು ಯಾರಿಗೂ ಹೇಳಲ್ಲ."

"ಇಲ್ಲ ತಾಯಿ. ಮಾರಿಲ್ಲ."

"ಹಂಗಾದ್ರೆ ಇನ್ನೆಲ್ಲಿಗೆ ಹೋಯ್ತು? ಬೀಗರ ಮನೇಲಿ ಊಟಕ್ಕೆ ಕೂತ್ರೆ, ಓಂಕಾರಪ್ಪ ಯಾರಿಗೋ ಬಂದೂಕು ಕೊಟ್ಟಿದ್ನಂತೆ ಅಂತ ಮಾತಾಡ್ತಾರೆ. ಅವರು ಯಾರ ಹೊಲದ ಕಡಲೆಗಿಡಾನೂ ಕಿತ್ತವರಲ್ಲ."

ಅವರು ಆಮೇಲೂ ಬಂದರು. ಪ್ರತಿ ಸಲವೂ ಲೈಸೆನ್ಸಿನಲ್ಲಿದ್ದ ಬಂದೂಕಿನ ನಂಬರನ್ನು ಮಂತ್ರದ ಹಾಗೆ ಹೇಳಿ, ಇಂಥದ್ದು ಎಲ್ಲಾದರೂ ಕಣ್ಣಿಗೆ ಬಿತ್ತಾ ಎಂದು ಕೇಳುತ್ತಿದ್ದರು. ಕೊನೆಯಲ್ಲಿ ಜೋಡಿ ಏಳು. ಕೇಳಿ ಕೇಳಿ ನನಗೂ ಬಾಯಿಪಾಠವಾಯಿತು. ಒಂದು ಸಲ ಅವರು ಸುಮ್ಮನೆ ಅಂದರು, "ಕಡೆಕಡೆಗೆ ಅವರು ಬಂದೂಕು ಗಿಡ್ಡ ಆಗೈತೆ ಅಂತಿದ್ರು. ಬಂದೂಕು ಎಲ್ಲಾದ್ರೂ ಗಿಡ್ಡ ಆಗುತ್ತಾ, ನಿಮಗೇ ವಯಸ್ಸಾಗೈತೆ ಅಂತ ನಾನೇ ನಗಾಡಿದ್ದೆ." ಆ ಮಾತು ನನ್ನ ಕಿವಿಯಲ್ಲಿ ಉಳಿಯಿತು, ಅರ್ಥವಾಗಲಿಲ್ಲ.

ಆ ಹೊತ್ತಿಗೇ ಮರುಳಸಿದ್ದಪ್ಪನವರ ಕನಸು ಕೈಗೆ ಬಂದಿತ್ತು. ಮೂಡಿಗೆರೆ ಕಡೆಯ ಎಸ್ಟೇಟಿನವರೊಬ್ಬರು ವಯಸ್ಸಾಯಿತೆಂದು ತಮ್ಮ ಟೂ ಸೆವೆಂಟಿ ಫೈವ್ ರೈಫಲ್ಲನ್ನು ನಮ್ಮ ಅಂಗಡಿಯಲ್ಲಿ ಮಾರಲು ಇಟ್ಟರು. ಅಕ್ರೋಟು ಮರದ ಬಟ್ಟು, ಬೋಲ್ಟು ಎಳೆದರೆ ಸದ್ದೇ ಇಲ್ಲ. ಬಟ್ಟು ಎಂದರೆ ಹೆಗಲಿಗೆ ಆನಿಸುವ ಮರದ ಭಾಗ. ಮರುಳಸಿದ್ದಪ್ಪನವರು ನೋಡಿ ಮಾತೇ ಆಡಲಿಲ್ಲ. ಅವರು ಸುಮ್ಮನಾಗಿದ್ದನ್ನು ನಾನು ಅಂದೇ ಮೊದಲು ನೋಡಿದ್ದು. "ತೋಟೆ ಜೊತೇಲಿ ಬಂದಿರೋದಷ್ಟೇ, ಆಮೇಲೆ ಹುಡುಕೋದು ಕಷ್ಟ" ಎಂದು ಧರ್ಮಕ್ಕೆ ಹೇಳಿದೆ. "ಇರೋದನ್ನ ಹಬ್ಬಕ್ಕೊಂದರಂಗೆ ಹೊಡಿತೀನಿ" ಅಂದರು. ಎರಡನ್ನೂ ಇಟ್ಟುಕೊಳ್ಳಬಹುದಿತ್ತು, ಅದೊಂದು ಹೊರೆ ಯಾಕೆ ಎಂದು ಹಳೆಯ ಬಂದೂಕನ್ನು ಲೈಸೆನ್ಸಿನಿಂದ ತೆಗೆಸಿ ರೈಫಲ್ ಸೇರಿಸಲು ಅರ್ಜಿ ಹಾಕಿ, ಚಿಕ್ಕಮಗಳೂರಿಗೆ ಓಡಾಡಿ, ಅಂತೂ ಅನುಮತಿ ತಂದರು. ಅನುಮತಿಗೆ ಅವಧಿ ಇರುತ್ತದೆ, ಅಷ್ಟರೊಳಗೆ ಬದಲಾವಣೆ ಮುಗಿಯಬೇಕು.

ಒಗೆದ ಬಿಳಿ ಅಂಗಿ ಹಾಕಿಕೊಂಡು, ಹಳೆಯ ಬಂದೂಕನ್ನು ಚೀಲದಲ್ಲಿಟ್ಟು, ಜೊತೆಗೆ ಪೇಡೆಯ ಡಬ್ಬಿ ಹಿಡಿದು ಬಂದರು. "ತಗೊಳ್ರಿ ಸಾಬ್ರೇ, ನಮ್ಮಪ್ಪನ ಕಬ್ಬಿಣ. ಇನ್ನು ಇದರ ಋಣ ತೀರ್ತು." ನಾನು ತೆರೆದು ಖಾಲಿ ಇದೆಯೆಂದು ನೋಡಿ, ಕುಂಕುಮ ಕೆರೆದು, ನಂಬರಿನ ಮೇಲೆ ಬಟ್ಟೆ ಆಡಿಸಿದೆ. ಕೊನೆಯಲ್ಲಿ ಜೋಡಿ ಏಳು.

ಎರಡು ಸಲ ಓದಿದೆ. ಅವರ ಲೈಸೆನ್ಸ್ ತೆಗೆದು ನೋಡಿದೆ. ಅಲ್ಲಿ ಬೇರೆ ನಂಬರಿತ್ತು.

"ಇದು ನಿಮ್ಮಪ್ಪನ ಬಂದೂಕಲ್ಲ" ಅಂದೆ.

"ಏನ್ ತಮಾಷೆ ಮಾಡ್ತೀರಿ?"

"ತಮಾಷೆ ಅಲ್ಲ. ಎಲೆಕ್ಷನ್ನಲ್ಲಿ ನೀವೇ ಎತ್ತಿಕೊಂಡು ಹೋದ್ರಲ್ಲ, ಅವತ್ತು ಬದಲಾಗಿದೆ."

ಅವರು ಲೈಸೆನ್ಸನ್ನೂ ಬಂದೂಕನ್ನೂ ಹಿಡಿದು ನೋಡಿದರು. ರೈಫಲ್ಲು ಅಲ್ಲೇ ಮೇಜಿನ ಮೇಲಿತ್ತು, ಅದರ ಕಡೆ ಕಣ್ಣು ಹೋಗಲೇ ಇಲ್ಲ. ಸ್ವಲ್ಪ ಮುಂಚೆ ಕಬ್ಬಿಣ ಎಂದು ಕೊಟ್ಟವರು ಈಗ ಬೆಂಚಿನ ಮೇಲೆ ಕುಸಿದು, "ಹಂಗಾದ್ರೆ ನಮ್ಮಪ್ಪಂದು ಎಲ್ಲಿ ಸಾಬ್ರೇ?" ಎಂದು ಕೇಳಿದರು. "ಅದರ ಬಟ್ಟು ಗಿಡ್ಡ. ನಮ್ಮಪ್ಪ ಕುಳ್ಳಕ್ಕಿದ್ರು, ಅದಕ್ಕೆ ಊರ ಆಚಾರ್ರ ಹತ್ರ ಒಂದೆರಡು ಬೆರಳು ಕೊಯ್ಸಿದ್ರು. ಅಯ್ಯೋ, ಅದಕ್ಕೇ ಇದು ನನಗೆ ಚೆನ್ನಾಗಿ ಹೊಂದ್ತಿತ್ತು! ನಾನೆಂಥ ಕತ್ತೆ ಕಣ್ರೀ!"

ಜಯಮ್ಮ ಹೇಳಿದ್ದ ಗಿಡ್ಡ ಬಂದೂಕಿನ ಮಾತು ಆಗ ಅರ್ಥವಾಯಿತು. ನಾನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಚನ್ನವೀರಪ್ಪನವರು ನನ್ನನ್ನು ಒಳಗೆ ಕರೆದರು. ಒಳ್ಳೆಯ ಮನುಷ್ಯ, ಮೂವತ್ತು ಪೈಸೆಯ ಸ್ಕ್ರೂ ಹೆಚ್ಚಿಗೆ ಬಂದರೂ ವಾಪಸು ಕಳಿಸುವವರು, ಆದರೆ ಖಾಕಿ ಕಂಡರೆ ಬೆವರುವವರು.

"ಸಾಬ್ರೇ, ಸುಮ್ನಿರಿ. ಬೇರೆಯವರ ಬಂದೂಕು ಇಟ್ಕೊಂಡಿದ್ದು ಅಪರಾಧ. ಮರುಳಸಿದ್ದಪ್ಪಂಗೆ ಕೇಸು, ನಮ್ಮ ಅಂಗಡಿಗೆ ಬೀಗ. ಅವನು ಇದನ್ನ ಮನೆಗೆ ತಗೊಂಡು ಹೋಗ್ಲಿ. ಯೋಚನೆ ಮಾಡಣ."

"ಆ ತಾಯಿ?"

ಅವರು ಮುಖ ಸಣ್ಣದು ಮಾಡಿಕೊಂಡು ಕೂತರು. ಮರುಳಸಿದ್ದಪ್ಪನವರು ನಾಳೆ ಬರುತ್ತೇನೆಂದು ಪೇಡೆಯ ಡಬ್ಬಿಯನ್ನು ಬೆಂಚಿನ ಮೇಲೇ ಮರೆತು ಹೋದರು.

ನಾನು ಮನೆಗೆ ಬಂದು ಊಟದ ಮುಂದೆ ಸುಮ್ಮನೆ ಕೂತಿದ್ದೆ. ನನ್ನ ಹೆಂಡತಿ ಮಹಬೂಬಿ, "ಕ್ಯಾ ಹುವಾ ಜೀ? ಕಾಯ್ಕು ಚುಪ್ ಬೈಠೇ?" ಅಂದಳು. ಯಾಕೆ ಸುಮ್ಮನಿದ್ದೇನೆಂದು ಎಲ್ಲ ಹೇಳಿದೆ. ಅವಳು ಸಾರು ಬಡಿಸುವುದನ್ನು ನಿಲ್ಲಿಸಿ, ನಾಳೆ ನೀವು ಸತ್ತ ಮೇಲೆ ಜನ ನಿಮ್ಮನ್ನು ಕಳ್ಳ ಅಂದರೆ, ನಿಜ ಗೊತ್ತಿರುವವನೊಬ್ಬ ಅಂಗಡಿಯಲ್ಲಿ ಸುಮ್ಮನೆ ಕೂತಿದ್ದರೆ, ನಾನು ಅವನನ್ನು ಏನು ಮಾಡಬೇಕು ಎಂದು ಕೇಳಿದಳು. ಅವಳು ಏನು ಮಾಡಿಯಾಳೆಂದು ನನಗೆ ಗೊತ್ತು. ಊಟ ಮಾಡಿ ಎದ್ದೆ.

ಮರುದಿನ ಮರುಳಸಿದ್ದಪ್ಪನವರಿಗೆ ಜಯಮ್ಮನ ವಿಚಾರ ಪೂರ್ತಿ ಹೇಳಿದೆ. ನೀವು ಬಾಯಿ ಬಿಟ್ಟರೆ ನಿಮ್ಮ ಲೈಸೆನ್ಸಿಗೇ ಸಂಚಕಾರ ಬರಬಹುದು, ವಿಚಾರಣೆ ಮುಗಿಯುವಷ್ಟರಲ್ಲಿ ಅನುಮತಿಯ ಅವಧಿ ದಾಟುತ್ತದೆ, ಈ ರೈಫಲ್ಲು ಕೈ ತಪ್ಪುತ್ತದೆ, ಎಂದು ಅದನ್ನೂ ಮುಚ್ಚಿಡದೆ ಹೇಳಿದೆ. ಅವರು ಎದ್ದು ರೈಫಲ್ಲಿನ ಹತ್ತಿರ ಹೋದರು. ಬೋಲ್ಟನ್ನು ಹಿಂದಕ್ಕೆಳೆದು ಮುಂದಕ್ಕೆ ದೂಡಿದರು. ಮತ್ತೊಮ್ಮೆ ಎಳೆದು ದೂಡಿದರು.

"ಎಂಥ ಸಾಮಾನು ಕಣ್ರೀ ಇದು" ಅಂದರು. ಕಣ್ಣಲ್ಲಿ ನೀರಿತ್ತು, ಅದನ್ನು ಒರೆಸಿಕೊಳ್ಳಲೂ ಇಲ್ಲ. ಆಮೇಲೆ ಅದನ್ನು ಅದರ ಪೆಟ್ಟಿಗೆಯಲ್ಲಿ ಮಲಗಿಸಿ ಮುಚ್ಚಿ, "ಬರ್ರಿ, ಹೋಗಣ" ಅಂದರು.

ಚನ್ನವೀರಪ್ಪನವರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಚಪ್ಪಲಿ ಹುಡುಕಿದರು. "ನಾನೂ ಬತ್ತೀನಿ ತಡೀರಿ. ಬಂದೂಕು ಓಂಕಾರಪ್ಪನ ಕೈಗೆ ಕೊಟ್ಟೋನು ನಾನು" ಅಂದರು. ದಾರಿಯುದ್ದಕ್ಕೂ ಬೆವರು ಒರೆಸಿಕೊಳ್ಳುತ್ತಿದ್ದರು, ಆದರೆ ಹಿಂದೆ ಉಳಿಯಲಿಲ್ಲ. ಅವತ್ತಿನಿಂದ ಅವರ ಮೇಲಿನ ನನ್ನ ಗೌರವ ದುಪ್ಪಟ್ಟಾಯಿತು.

ಠಾಣೆಯಲ್ಲಿ ಹೊಸದಾಗಿ ಬಂದಿದ್ದ ಇನ್ಸ್‌ಪೆಕ್ಟರ್ ಮೇಡಂ ಮೂವರ ಮಾತನ್ನೂ ತಾಳ್ಮೆಯಿಂದ ಕೇಳಿದರು. ಜಯಮ್ಮನಿಗೆ ಹೇಳಿ ಕಳಿಸಿದರು. ಅವರು ಎಮ್ಮೆದೊಡ್ಡಿಯಿಂದ ಬಸ್ಸಿನಲ್ಲಿ ಬರುವಷ್ಟರಲ್ಲಿ ಹಿಂದೆ ಅವರು ಒಪ್ಪಿಸಿದ್ದ ಬಂದೂಕನ್ನು ಒಳಗಿನಿಂದ ತರಿಸಿ ನಾವು ತಂದದ್ದರ ಪಕ್ಕದಲ್ಲಿ ಮಲಗಿಸಿದರು. ಅಕ್ಕಪಕ್ಕ ಇಟ್ಟಾಗ ಕುರುಡರಿಗೂ ಕಾಣುತ್ತಿತ್ತು, ಒಂದು ಎರಡು ಬೆರಳು ಗಿಡ್ಡ. ನಂಬರುಗಳೂ ತಾಳೆಯಾದವು.

"ಸಾಲಲ್ಲಿ ಎತ್ತಿಕೊಳ್ಳುವಾಗ ಇದು ಗೊತ್ತಾಗಲಿಲ್ವೇನ್ರೀ?" ಎಂದು ಮೇಡಂ ಕೇಳಿದರು.

"ನಾನು ಯಾವತ್ತೂ ಅದನ್ನ ಸರಿಯಾಗಿ ನೋಡಿರ್ಲಿಲ್ಲ ಮೇಡಂ" ಎಂದರು ಮರುಳಸಿದ್ದಪ್ಪ.

ಜಯಮ್ಮ ಬಂದರು. ಮರುಳಸಿದ್ದಪ್ಪನವರು ಎದ್ದು ನಿಂತು ಕೈ ಮುಗಿದರು. "ಅಕ್ಕಾ, ತಪ್ಪು ನಂದು. ನಿಮ್ಮನೇದು ನಮ್ಮನೇಲಿತ್ತು. ಆಯುಧಪೂಜೆಗೆ ವಿಭೂತಿ ಇಟ್ಟು ಚೆನ್ನಾಗೇ ನೋಡ್ಕೊಂಡಿದೀನಿ." ಜಯಮ್ಮ ಅವರನ್ನು ನೋಡಿದರು, ಬಂದೂಕನ್ನು ನೋಡಿದರು. ಬೈಯುತ್ತಾರೆಂದು ನಾವೆಲ್ಲ ಕಾದೆವು. ಅವರು ಜೋಡಿ ಏಳಿನ ಮೇಲೆ ಬೆರಳಿಟ್ಟು, "ನೋಡ್ರಿ, ಇಲ್ಲೇ ಐತೆ. ಎಲ್ಲೂ ಹೋಗಿರ್ಲಿಲ್ಲ" ಅಂದರು. ತಮ್ಮ ಯಜಮಾನರಿಗೇ ಹೇಳಿದ ಹಾಗಿತ್ತು.

ಇದನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಹಾಕಬಹುದು ಎಂದು ಮೇಡಂ ಹೇಳಿದರು. ಜಯಮ್ಮ ಬೇಡವೆಂದು ತಲೆಯಾಡಿಸಿದರು. "ನನಗ್ಯಾಕವ್ವ ಬಂದೂಕು? ಸರ್ಕಾರದೋರೇ ಇಟ್ಕೊಳ್ರಿ. ನಮ್ಮ ಯಜಮಾನ್ರು ಯಾರಿಗೂ ಮಾರಿರ್ಲಿಲ್ಲ ಅಂತ ಬರ್ದುಕೊಡ್ರಿ, ಸಾಕು. ಬೀಗರ ಮನೇಲಿ ಓದುಸ್ಬೇಕು." ವರದಿ ಬರೆದು ಮುಗಿದ ಮೇಲೆ ಆ ಮಾತನ್ನು ಅದರಲ್ಲಿ ಹುಡುಕಿ ಹುಡುಕಿ ಓದಿಸಿ ಕೇಳಿಸಿಕೊಂಡು ಹೋದರು. ಹೋಗುವಾಗ ನನ್ನ ಕಡೆ ತಿರುಗಿ, "ನಾನು ನಗಾಡಿದ್ದು ತಪ್ಪಾಯ್ತು ಸಾಬ್ರೇ. ಬಂದೂಕು ನಿಜವಾಗ್ಲೂ ಗಿಡ್ಡ ಆಗಿತ್ತು" ಅಂದರು. ಅಷ್ಟು ಹೊತ್ತು ತಡೆದುಕೊಂಡಿದ್ದವರು ಅಲ್ಲಿ ಅತ್ತರು. ನಾನೂ ಅತ್ತೆ.

ವಿಚಾರಣೆ ಎಳೆಯಿತು. ಕೊನೆಗೆ ಮರುಳಸಿದ್ದಪ್ಪನವರಿಗೆ ಕಟುವಾದ ಎಚ್ಚರಿಕೆ ಕೊಟ್ಟು ಅಪ್ಪನ ಬಂದೂಕನ್ನು ಒಪ್ಪಿಸಿದರು, ಅಂಗಡಿಗೆ ಇನ್ನೂ ಕಟುವಾದ ಎಚ್ಚರಿಕೆ ಕೊಟ್ಟರು. ಅದು ನ್ಯಾಯವೇ. ಅನುಮತಿಯ ಅವಧಿ ಮುಗಿದಿತ್ತು. ಟೂ ಸೆವೆಂಟಿ ಫೈವ್ ಹಾಸನದ ಕಡೆಯವರೊಬ್ಬರ ಪಾಲಾಯಿತು. ಅವರು ಅದನ್ನು ತೆಗೆದುಕೊಂಡು ಹೋಗುವ ದಿನ ನಾನೇ ಎಣ್ಣೆ ಹಾಕಿ ಒರೆಸಿಕೊಟ್ಟೆ. ಅವತ್ತು ಮರುಳಸಿದ್ದಪ್ಪನವರು ಕಡೂರಿಗೆ ಬಂದಿರಲಿಲ್ಲ. ಬೇಕೆಂದೇ ಬರಲಿಲ್ಲ ಎಂದು ನನಗೆ ಗೊತ್ತು.

ಅಲ್ಲಿಂದ ಮುಂದೆ ನಮ್ಮಲ್ಲಿ ಕಾಗದದ ಚೀಟಿ ಹೋಯಿತು. ನಂಬರು ಒತ್ತಿದ ಹಿತ್ತಾಳೆ ಬಿಲ್ಲೆಯನ್ನು ತಂತಿಯಲ್ಲಿ ಕಟ್ಟುತ್ತೇವೆ. ಎಷ್ಟು ಎಣ್ಣೆ ಬೇಕಾದರೂ ಸುರಿದುಕೊಳ್ಳಲಿ. ಈಗ ಕಂಪ್ಯೂಟರಿನಲ್ಲಿ ನಂಬರು ಹಾಕಿದರೆ ಒಡೆಯನ ಹೆಸರು ಬರುತ್ತದೆ. ಆದರೂ ಕುಂಕುಮ ಕೆರೆದು ನಂಬರು ಓದುವ ಕೆಲಸ ಕೈಯದ್ದೇ, ಅದನ್ನು ಯಾವ ಯಂತ್ರವೂ ನಿಮ್ಮ ಪರವಾಗಿ ಮಾಡುವುದಿಲ್ಲ.

ನಾನು ಬಿಟ್ಟ ಮೇಲೆ ಬಂದ ಮೊದಲ ಚುನಾವಣೆಯಲ್ಲಿ, ಬಂದೂಕು ವಾಪಸು ಕೊಡುವ ದಿನ ಕೈಜೋಡಿಸಿ ಎಂದು ಚನ್ನವೀರಪ್ಪನವರು ಕರೆದರು. ಹೋಗಿ ಸಾಲಿನ ಮುಂದೆ ನಿಂತೆ. ಮರುಳಸಿದ್ದಪ್ಪನವರು ಬಂದರು. ತಲೆ ಬೆಳ್ಳಗಾಗಿತ್ತು. ಬಂದ ತಕ್ಷಣ, "ಸಾಬ್ರೇ, ಸಿಕ್ಸ್ ಪಾಯಿಂಟ್ ಫೈವ್ ಅಂತ ಒಂದು ಐತಂತಲ್ಲ, ಅದು ಹೆಂಗಿರುತ್ತೆ?" ಎಂದರು.

"ಹೊಸ ಅರ್ಜಿ ಹಾಕ್ತೀರೇನು?"

"ಹಾಕಲ್ಲ ಬಿಡ್ರಿ. ಒಂದನ್ನ ಸರಿಯಾಗಿ ನೋಡ್ಕೊಂಡ್ರೆ ಸಾಕಾಗೈತೆ. ಸುಮ್ನೆ ಕೇಳ್ದೆ."

ಬಂದೂಕನ್ನು ಕೊಡಲು ಹೋದರೆ ತಡೆದರು. ಒಂದೇ ನಮೂನೆಯ ಒಂಟಿ ನಳಿಗೆಗಳು ನಾಲ್ಕೈದು ಇದ್ದವು. ಕಣ್ಣು ಮುಚ್ಚಿಕೊಂಡು, "ಒಂದೊಂದೇ ಕೊಡ್ರಿ" ಅಂದರು. ನಾನು ಒಂದೊಂದಾಗಿ ಖಾಲಿ ಇದೆಯೆಂದು ನೋಡಿ ಕೈಗಿಟ್ಟೆ. ಅವರು ಹೆಗಲಿಗಿಟ್ಟು ನೋಡಿ, ಅಲ್ಲ ಎಂದು ವಾಪಸು ಕೊಟ್ಟರು. ಮೂರನೆಯದಕ್ಕೆ ಅವರ ಉದ್ದನೆಯ ಮೈ ಮುದುರಿತು, ಕತ್ತು ಬಗ್ಗಿತು, ಮೊಣಕೈ ಪಕ್ಕೆಗೆ ಒತ್ತಿತು. ನೋಡಲು ಕಷ್ಟವಾಗುತ್ತಿತ್ತು.

"ಬಟ್ಟಿಗೆ ಒಂದು ತುಂಡು ಮರ ಸೇರಿಸಿ ಉದ್ದ ಮಾಡಿಕೊಡ್ಲಾ?" ಎಂದೆ. "ಇದು ನಿಮ್ಮ ಹೆಗಲಿಗೆ ಹೊಂದಲ್ಲ."

"ಬ್ಯಾಡ ಸಾಬ್ರೇ" ಎಂದರು ಕಣ್ಣು ತೆರೆಯದೆ. "ನಮ್ಮಪ್ಪ ಇಷ್ಟೇ ಇದ್ರು. ಇಷ್ಟೇ ಇರ್ಲಿ. ಇದೇ ನಮ್ದು."

ನಾನು ಅದನ್ನು ಅವರ ಕೈಯಿಂದ ತೆಗೆದುಕೊಂಡು ಹಿತ್ತಾಳೆ ಬಿಲ್ಲೆ ನೋಡಿದೆ. ಕುಂಕುಮ ಒರೆಸಿ ಕಬ್ಬಿಣದ ಮೇಲಿನ ನಂಬರನ್ನೂ ಓದಿದೆ. ಸರಿಯಾಗಿತ್ತು.